ಟಿಪ್ಪರಿಗೆ ಅಡ್ಡ ನಿಂತ ಬೆಳಗು

ಸಂಡೂರಿನ ಹತ್ತಿರ ಯಶವಂತನಗರದ ಮೇಲಿನ ಗುಡ್ಡದಲ್ಲಿ ನಾನು ಭೂವಿಜ್ಞಾನಿಯಾಗಿದ್ದಾಗ ಕಂಪನಿ ಅಲ್ಲೊಂದು ಕಬ್ಬಿಣದ ಅದಿರು ಸಂಸ್ಕರಣೆ ಪ್ಲಾಂಟ್ ಕಟ್ಟಲು ಹೊರಟಿತ್ತು. ಬೋರ್ ಕೊರೆದು ತೆಗೆದ ಮಾದರಿಗಳು ಚೆನ್ನಾಗಿಯೇ ಬಂದಿದ್ದವು. ಆದರೆ ಕಂಪ್ಲಿಯ ಅಕ್ಕಿ ಮಿಲ್ಲಿನ ಮನೆಯಲ್ಲಿ ಬೆಳೆದ ನನಗೆ ಅಷ್ಟು ಸಾಲದೆಂದು ಗೊತ್ತಿತ್ತು. ಚೀಲಕ್ಕೆ ಚುಚ್ಚಿ ಒಂದು ಹಿಡಿ ಭತ್ತ ನೋಡಿ ದರ ಹೇಳಬಹುದು. ಅಕ್ಕಿಯೆಷ್ಟು ನುಚ್ಚೆಷ್ಟು ಎಂಬುದು ರಾಶಿಯನ್ನೇ ಮಿಲ್ಲಿಗೆ ಹಾಕಿದಾಗ ತಿಳಿಯುತ್ತದೆ. ಅದಿರೂ ಹಾಗೆಯೇ. ಗುಡ್ಡದಲ್ಲಿ ದೊಡ್ಡ ಗುಂಡಿ ತೋಡಿ, ಟಿಪ್ಪರುಗಟ್ಟಲೆ ಅದಿರನ್ನು ಹೊಸಪೇಟೆ ಹತ್ತಿರದ ಪರೀಕ್ಷಾ ಘಟಕಕ್ಕೆ ಕಳಿಸುವುದೆಂದು ತೀರ್ಮಾನವಾಯಿತು.

ಗುಂಡಿ ತೋಡಿ ಮುಗಿದ ಸಂಜೆ ಇಳಿದು ನೋಡಿದೆ, ಗೋಡೆಯಲ್ಲಿ ಎಲ್ಲವೂ ಇತ್ತು: ಗಟ್ಟಿ ಅದಿರು, ಕೈಯಲ್ಲಿ ಹಿಡಿದರೆ ಸೋರಿಹೋಗುವ ನೀಲಿ ಪುಡಿ ಅದಿರು, ನಡುನಡುವೆ ಜೇಡಿಮಣ್ಣಿನ ಪಟ್ಟೆ.

ಮರುದಿನ ಕಂಪನಿ ಬಸ್ಸಿನಿಂದ ಇಳಿದು ನೋಡಿದರೆ ಮೊದಲ ಟಿಪ್ಪರ್ ಆಗಲೇ ತುಂಬಿತ್ತು. ಬರೀ ಗಟ್ಟಿ ಅದಿರು. ಪಕ್ಕದಲ್ಲಿ ನಮ್ಮ ಮ್ಯಾನೇಜರ್ ನಿಂತಿದ್ದರು.

“ಸರ್, ಪುಡಿ ಎಲ್ಲೈತ್ರಿ? ಜೇಡಿ ಎಲ್ಲೈತ್ರಿ?”

“ಅವೆಲ್ಲ ಯಾಕ ಬೇಕ್ರಿ ಮೇಡಂ? ರಿಸಲ್ಟ್ ಮಸ್ತ್ ಬರಬೇಕು. ಮ್ಯಾಲಿನವ್ರು ಕಾಯಾಕತ್ಯಾರ.”

“ನಾಳೆ ಗಣಿ ನಡೆಸುವಾಗ ಪುಡಿ ಬಿಟ್ಟು ಬರೀ ಗಟ್ಟಿ ಆರಿಸಿ ಕೊಡ್ತೀರೇನ್ರಿ?”

ಅವರು ಹೊರಡುವಂತೆ ಡ್ರೈವರನಿಗೆ ಕೈ ಬೀಸಿದರು. ನಾನು ಹೋಗಿ ಟಿಪ್ಪರಿನ ಮುಂದೆ ನಿಂತೆ. ಹಾರ್ನ್ ಕಿವಿ ಸೀಳುವಂತೆ ಕೂಗಿತು. ಆದರೂ ಕದಲಲಿಲ್ಲ.

“ಪಕ್ಕಕ್ಕ ಸರೀರಿ ಮೇಡಂ, ಹುಚ್ಚಾಟ ಮಾಡಬ್ಯಾಡ್ರಿ!”

“ಮೊದಲ ಇಳಸ್ರಿ. ಇಲ್ಲಾಂದ್ರ ನಾನ ಮ್ಯಾಲಿನವ್ರಿಗೆ ಫೋನ್ ಹಚ್ಚಿ, ಇದು ಆರಿಸಿ ತುಂಬಿದ ಮಾಲು ಅಂತೀನಿ.”

ಅವರ ಮುಖ ಕಪ್ಪಿಟ್ಟಿತು. ಕೊನೆಗೆ ಟಿಪ್ಪರ್ ಹಿಂದೆ ಸರಿದು ಅದಿರನ್ನು ಸುರಿಯಿತು. ನಾನು ಎಕ್ಸ್‌ಕವೇಟರಿನ ಪಕ್ಕದಲ್ಲೇ ನಿಂತು ಗೋಡೆಯನ್ನು ಮೇಲಿಂದ ಬುಡದವರೆಗೆ ಸಮನಾಗಿ ಕಡಿಸಿದೆ. ಪುಡಿಯೂ ಬಂತು, ಜೇಡಿಯೂ ಬಂತು. ದಾರಿಯಲ್ಲಿ ಮಾಲು ಬದಲಾಗದಿರಲೆಂದು ಡ್ರೈವರನ ಪಕ್ಕದಲ್ಲಿ ಕೂತು, ಕೆಂಧೂಳು ನುಂಗುತ್ತ ಹೊಸಪೇಟೆಗೆ ಹೋದೆ. ಕೊನೆಯ ಟಿಪ್ಪರಿನವರೆಗೂ ಹಾಗೆಯೇ ಓಡಾಡಿದೆ.

ಪರೀಕ್ಷೆಯಲ್ಲಿ ಜೇಡಿ ಅಂಟಿ ಜರಡಿಗಳು ಕಟ್ಟಿಕೊಂಡವು. ಕೈಗೆ ಬಂದ ಒಳ್ಳೆಯ ಅದಿರು ಅಂದಾಜಿಗಿಂತ ಬಹಳ ಕಡಿಮೆ. ಮ್ಯಾನೇಜರ್ ಫೋನ್ ಮಾಡಿದರು.

“ಈಗ ಸಮಾಧಾನ ಆತೇನ್ರಿ?”

“ಆತ್ರಿ. ಪ್ಲಾಂಟ್ ಕಟ್ಟಿದ ಮ್ಯಾಲ ಜರಡಿ ಕಟ್ಟಿಕೊಂಡಿದ್ದರ ಏನ್ ಮಾಡ್ತಿದ್ರಿ?”

ಕಂಪನಿ ಪ್ಲಾಂಟಿನ ನಕ್ಷೆ ಬದಲಿಸಿ, ಅದಿರು ತೊಳೆಯುವ ವ್ಯವಸ್ಥೆ ಸೇರಿಸಿತು. ನನಗೆ ಯಾರೂ ಶಾಬಾಸ್ ಅನ್ನಲಿಲ್ಲ. ಬದಲಿಗೆ ಗುಡ್ಡದಿಂದ ಇಳಿಸಿ ಹೊಸಪೇಟೆಯ ಆಫೀಸಿನಲ್ಲಿ ಕೆಲಸವಿಲ್ಲದ ಕುರ್ಚಿ ಕೊಟ್ಟರು. ತೆಪ್ಪಗೆ ಕೂತಿರುತ್ತಾಳೆ ಎಂದುಕೊಂಡಿದ್ದರೇನೋ. ಒಂದು ವಾರವೂ ಕೂರಲಿಲ್ಲ. ದೊಡ್ಡ ಸಾಹೇಬರ ಕೋಣೆಗೆ ನೇರ ಹೋದೆ.

“ಗುಡ್ಡಕ್ಕ ಕಳಸ್ರಿ, ಇಲ್ಲಾ ನನ್ನ ಬಿಟ್ಟುಬಿಡ್ರಿ. ಕುರ್ಚಿ ಕಾಯೋ ಕೆಲಸ ನನಗ ಬರಂಗಿಲ್ಲ.”

ಅವರು ಫೈಲಿನಿಂದ ತಲೆ ಎತ್ತಿದರು. “ಅಲ್ಲೂ ಹಿಂಗ ಜಗಳ ತೆಗೀತೀರೇನು?”

“ಆರಿಸಿ ತುಂಬಿದ್ರ ತೆಗೀತೀನ್ರಿ.”

ಸಂಡೂರಿನ ಇನ್ನೊಂದು ಗುಡ್ಡಕ್ಕೆ ಕಳಿಸಿದರು. ಈಗ ಅಲ್ಲಿ ಗುಂಡಿ ತೋಡುತ್ತಿದ್ದೇವೆ.