ರಾಣಿ ತೋಟದ ಗ್ರಿಲ್ಲು

ಹರಪನಹಳ್ಳಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿಗೆ ಆಟದ ಟೀಚರಾಗಿ ನಾನು ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಮನೆ ಕೊಟ್ಟೂರಿನಲ್ಲಿ; ದಿನಾ ಬಸ್ಸು. ಆಟ ಕಲಿಸು ಎಂದು ಕರೆಸಿಕೊಂಡವರು ಆಡುವುದಕ್ಕೆ ಜಾಗ ಕೊಡಲಿಲ್ಲ. ಶಾಲೆಯ ಅಂಗಳದಲ್ಲಿ ಪ್ರಾರ್ಥನೆಗೆ ನಿಂತರೆ ಕೊನೆಯ ಸಾಲಿನವರ ಬೆನ್ನು ಕಾಂಪೌಂಡಿಗೆ ತಾಗುತ್ತಿತ್ತು. ಜಾಗ ಕೇಳಿದರೆ, "ಡ್ರಿಲ್ ಮಾಡಿಸ್ರಿ, ಸಾಕು" ಎಂದರು. ನನಗೆ ಸಿಟ್ಟು ಬೇಗ ಬರುತ್ತದೆ, ಹೋಗುವುದು ನಿಧಾನ. ಆ ಸಿಟ್ಟಿನಲ್ಲೇ ಊರೆಲ್ಲ ಸುತ್ತಿ ಜಾಗ ಹುಡುಕಿದೆ. ಸಿಕ್ಕಿದ್ದು ರಾಣಿ ತೋಟ.

ತೋಟ ಎನ್ನುವುದು ಹೆಸರಿಗೆ. ಪಾಳೆಗಾರರ ಕಾಲದಲ್ಲಿ ಅರಮನೆಯ ಹೆಂಗಸರು ತಿರುಗಾಡಲಿ ಎಂದು ಕಟ್ಟಿಸಿದ್ದಂತೆ. ನಡುವೆ ಕಲ್ಲಿನ ಮಂಟಪ, ಅದರ ನಾಲ್ಕೂ ದಿಕ್ಕಿಗೆ ಕೆರೆಯ ನೀರು ಹರಿಯುವ ಕಲ್ಲುಕಾಲುವೆ, ಕಾಲುವೆಗಳ ಮಧ್ಯೆ ನಾಲ್ಕು ಚೌಕ, ಒಂದು ಮೂಲೆಗೆ ಮೆಟ್ಟಿಲಿನ ಹೊಂಡ, ಸಾಲು ಹುಣಸೆ ಮರ. ಸುತ್ತ ಎರಡಾಳೆತ್ತರದ ಗೋಡೆ. ನಾನು ನೋಡುವ ಹೊತ್ತಿಗೆ ಕಾಲುವೆ ಮಣ್ಣಿನಲ್ಲಿ ಹೂತು ಹೋಗಿತ್ತು. ಹೊಂಡದಲ್ಲಿ ಊರಿನ ಹರಕು ಚಪ್ಪಲಿಗಳೆಲ್ಲ ಬಿದ್ದಿದ್ದವು. ಹುಣಸೆ ಮರಗಳಲ್ಲಿ ಬಾವಲಿ, ಉಳಿದ ಕಡೆಯೆಲ್ಲ ಬಳ್ಳಾರಿ ಜಾಲಿ. ಹಿಂದಿನ ಚೌಕದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ನಡುವೆ ಜಾಲಿ ದಟ್ಟವಾಗಿ ಬೆಳೆದಿದ್ದರಿಂದ ಅವರ ಕೂಗಾಟ ಕೇಳುತ್ತಿತ್ತೇ ಹೊರತು ಮುಖ ಕಾಣುತ್ತಿರಲಿಲ್ಲ. ರಸ್ತೆ ಕಡೆಯ ಚೌಕವನ್ನು ನಾನೂ ಹುಡುಗಿಯರೂ ಸೇರಿ ಬೋಳಿಸಿದೆವು. ಎರಡು ಕಂಬ ನೆಟ್ಟು ಸುಣ್ಣ ಹಾಕಿ ಖೊಖೊ ಅಂಗಳ ಮಾಡಿಕೊಂಡೆವು. ಆಟಕ್ಕೆ ಮೊದಲು ಎಲ್ಲರೂ ಸಾಲಾಗಿ ಬಗ್ಗಿ ಮುಳ್ಳು ಆರಿಸಬೇಕು. ಆರಿಸದೆ ಬಿಟ್ಟವಳ ಕಾಲಿಗೇ ಮುಳ್ಳು ಚುಚ್ಚುತ್ತಿತ್ತು, ನಾನು ಬೇರೆ ಶಿಕ್ಷೆ ಕೊಡುವ ಪ್ರಮೇಯವೇ ಬರಲಿಲ್ಲ.

ಹುಡುಗಿಯರನ್ನು ಕಳಿಸಿ ಎಂದು ಮನೆಮನೆಗೆ ಹೋದಾಗ ಎಲ್ಲರೂ ಕೇಳಿದ್ದು ಒಂದೇ ಮಾತು.

"ಗಂಡಸ್ರು ನೋಡ್ತಾರೇನ್ರಿ?"

"ಬರ್ರಿ, ಗೋಡಿ ತೋರಸ್ತೀನಿ" ಎನ್ನುತ್ತಿದ್ದೆ. ತಾಯಂದಿರನ್ನು ಕರೆದುಕೊಂಡು ಹೋಗಿ ಗೋಡೆಯ ಕೆಳಗೆ ನಿಲ್ಲಿಸುತ್ತಿದ್ದೆ. ಅವರು ಕತ್ತೆತ್ತಿ ನೋಡಿ ಸಮಾಧಾನದಿಂದ ಹೋಗುತ್ತಿದ್ದರು. ಅಷ್ಟು ಸಾಲದೆಂದು ನಾನೇ ಒಂದು ಕಾನೂನು ಮಾಡಿದೆ: ಆಟ ನಡೆಯುವಾಗ ನಮ್ಮ ಚೌಕದೊಳಗೆ ಗಂಡಸರು ಕಾಲಿಡಬಾರದು. ಅಪ್ಪ ಆದರೂ ಅಷ್ಟೆ, ಅಣ್ಣ ಆದರೂ ಅಷ್ಟೆ. ಈ ಕಾನೂನಿನ ಬಗ್ಗೆ ನನಗೆ ಬಹಳ ಜಂಬ ಇತ್ತು.

ಆ ಜಂಬಕ್ಕೆ ಕಾರಣವೂ ಇತ್ತೆನ್ನಿ. ಬಸ್ ಸ್ಟ್ಯಾಂಡಿನ ಹಿಂದೆ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಸಾಬರೊಬ್ಬರ ಮಗಳು ನನಗೆ ಸಿಕ್ಕದ್ದು ಅದರಿಂದಲೇ. ಒಂಬತ್ತನೇ ಕ್ಲಾಸಿನ ಸಣಕಲು ಹುಡುಗಿ. ಪೈಜಾಮಾದ ಮೇಲೆ ದುಪಟ್ಟಾ ಸೊಂಟಕ್ಕೆ ಬಿಗಿದು ಓಡಲು ನಿಂತಳೆಂದರೆ ಬೆನ್ನಟ್ಟುವವರ ಉಸಿರು ಕಟ್ಟುತ್ತಿತ್ತು. ಖೊಖೊ ನೋಡದವರಿಗೆ ಒಂದು ಮಾತು: ಎಂಟು ಮಂದಿ ಸಾಲಿನಲ್ಲಿ ಕೂರಬೇಕು, ಒಬ್ಬಳು ಬೆನ್ನಟ್ಟಬೇಕು, ಅವಳು "ಖೊ" ಎಂದರೆ ಕೂತವಳು ಎದ್ದು ಮುಂದುವರಿಸಬೇಕು, ಎದುರು ಪಕ್ಷದ ಮೂವರು ತಪ್ಪಿಸಿಕೊಳ್ಳಬೇಕು. ಒಂಬತ್ತರಲ್ಲಿ ಒಬ್ಬರು ಕಡಿಮೆಯಾದರೂ ತಂಡ ಇಲ್ಲ. ಈಕೆ ಕೂತವರ ನಡುವೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸುಳಿದು, ಇನ್ನೇನು ಸಿಕ್ಕಳು ಎನ್ನುವಾಗ ಕಂಬ ಸುತ್ತಿ ಹೋಗಿಬಿಡುತ್ತಿದ್ದಳು. ಅವಳ ಅಪ್ಪ ಒಂದು ದಿನವೂ ಅವಳ ಆಟ ನೋಡಿರಲಿಲ್ಲ. ದಾರಿಯಲ್ಲಿ ಸಿಕ್ಕರೆ, "ನಮ್ಮಾಕಿ ಹೆಂಗ ಆಡ್ತಾಳ್ರೀ ಟೀಚರಮ್ಮಾ?" ಎಂದು ಕೇಳುತ್ತಿದ್ದರು. "ಚಲೋ ಆಡ್ತಾಳ" ಎಂದು ನಾನು ಮುಂದೆ ಹೋಗುತ್ತಿದ್ದೆ. ಬಸ್ಸಿನ ಅವಸರ.

ಎರಡು ಸಾವಿರದ ಆಚೀಚೆ ತೋಟವನ್ನು ಮೊದಲಿನಂತೆ ಮಾಡಬೇಕೆಂದು ಸರ್ಕಾರದ ಹಣ ಬಂತು. ಜೊತೆಗೆ ಒಬ್ಬ ಅಧಿಕಾರಿಯೂ ಬಂದರು. ಮೈಸೂರು ಕಡೆಯ ಮೆತ್ತನೆ ಮಾತಿನ, ಒಳ್ಳೆಯ ಮನುಷ್ಯರೇ. ಊರವರನ್ನೆಲ್ಲ ಮಂಟಪದಲ್ಲಿ ಕೂರಿಸಿ, ಯಾರಿಗೆ ಏನು ಬೇಕು ಹೇಳಿ ಎಂದರು. ಅಯ್ಯೋ, ಕೇಳಬಾರದಿತ್ತು. ಕ್ರಿಕೆಟ್ಟಿನವರು ಇಡೀ ತೋಟ ಸಮ ಮಾಡಿಕೊಡಿ ಎಂದರು. ಬೆಳಿಗ್ಗೆ ವಾಕಿಂಗ್ ಮಾಡುವವರು ಸುತ್ತಲೂ ದಾರಿ ಕೇಳಿದರು. ಕಾಲೇಜಿನ ಮೇಷ್ಟ್ರೊಬ್ಬರು, ನಡುವಿನ ಜಾಲಿಯಲ್ಲಿ ಕೌಜುಗ ಹಕ್ಕಿಗಳು ಮೊಟ್ಟೆ ಇಡುತ್ತವೆ, ಅದನ್ನು ಕಡಿಯಕೂಡದು, ಬಾವಲಿಗಳನ್ನೂ ಓಡಿಸಕೂಡದು ಎಂದು ಪಟ್ಟು ಹಿಡಿದರು. "ಜಾಲಿ ಕಡೀಬ್ಯಾಡ್ರಿ ಅನ್ನೋರ್ನ ಇವತ್ತ ನೋಡಿದ್ನಪ್ಪಾ" ಎಂದು ಒಬ್ಬರು ಅಂದದ್ದಕ್ಕೆ ಮಂಟಪವೆಲ್ಲ ನಕ್ಕಿತು. ನಾನು ನಗಲಿಲ್ಲ. ಆ ಜಾಲಿ ಇದ್ದರೇ ಕ್ರಿಕೆಟ್ ಹುಡುಗರಿಗೂ ನಮಗೂ ನಡುವೆ ಮರೆ. ನಾನು ಮೇಷ್ಟ್ರ ಪಕ್ಷ ಸೇರಿದೆ. ಕೌಜುಗ ಹಕ್ಕಿಯನ್ನು ಅಲ್ಲಿಯವರೆಗೆ ನಾನು ಸರಿಯಾಗಿ ನೋಡಿಯೂ ಇರಲಿಲ್ಲ.

ಕೊನೆಗೆ ಎಲ್ಲರಿಗೂ ಇಷ್ಟಿಷ್ಟು ಸಿಕ್ಕಿತು. ಕಾಲುವೆ ಅಗೆದರು, ಮಣ್ಣು ತೆಗೆದಂತೆ ಕಲ್ಲು ಹಾಗೇ ಇದ್ದದ್ದು ಕಂಡು ಊರೇ ಬಂದು ನೋಡಿತು. ಹೊಂಡ ತೊಳೆದರು. ಬಾವಲಿ ಉಳಿದವು, ಜಾಲಿಯ ಒಂದು ಪಟ್ಟಿ ಉಳಿಯಿತು. ಕ್ರಿಕೆಟ್ಟಿಗೆ ಹಿಂದಿನ ಚೌಕ, ನಮಗೆ ಮುಂದಿನದು. ನನ್ನ ಕೆಲಸ ಆಯಿತೆಂದು ಆರಾಮಾಗಿದ್ದೆ. ಆಗ ಗೋಡೆಯ ಮಾತು ಬಂತು.

ರಸ್ತೆ ಕಡೆಯ ಗೋಡೆ ಬಿರುಕು ಬಿಟ್ಟು ವಾಲಿತ್ತು. ಅದನ್ನು ಇಳಿಸಿ, ಸೊಂಟದೆತ್ತರಕ್ಕೆ ಕಟ್ಟೆ ಕಟ್ಟಿ, ಮೇಲೆ ಕಬ್ಬಿಣದ ಗ್ರಿಲ್ ಹಾಕುವುದೆಂದು ಅಧಿಕಾರಿ ಹೇಳಿದರು. ಸರಿಯಾಗಿ ನಮ್ಮ ಅಂಗಳದ ಪಕ್ಕದ ಗೋಡೆ.

"ಮೊದ್ಲಿನಂಗ ಮಾಡ್ತೀನಿ ಅಂದಿದ್ರಿ. ಮೊದ್ಲ ಗೋಡಿ ಇತ್ತಲ್ರೀ ಸಾರ್!" ಎಂದೆ.

"ನೋಡಿ ಮೇಡಂ, ಆಗ ಇದು ರಾಣಿಯರದು. ಈಗ ಜನರದು. ರಸ್ತೆಯಲ್ಲಿ ಹೋಗುವವರಿಗೆ ತೋಟ ಕಾಣಬೇಡವಾ?"

"ತೋಟ ಕಾಣ್ಲಿ. ನಮ್ ಹುಡುಗೀರ್ಯಾಕ ಕಾಣಬೇಕು?"

ಅವರ ಮಾತು ತಪ್ಪು ಎಂದೂ ನನಗೆ ಅನ್ನಿಸಲಿಲ್ಲ, ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು. ಸುದ್ದಿ ಮನೆಗಳಿಗೆ ಮುಟ್ಟಲು ಒಂದು ದಿನ ಸಾಕಾಯಿತು. ಗೋಡೆ ಹೋದರೆ ಮಗಳನ್ನು ಬಿಡಿಸುತ್ತೇವೆ ಎಂದು ನಾಲ್ಕೈದು ಕಡೆಯಿಂದ ಹೇಳಿ ಕಳಿಸಿದರು. ವಲಯ ಮಟ್ಟದ ಪಂದ್ಯ ಹತ್ತಿರದಲ್ಲೇ ಇತ್ತು. ಅಷ್ಟು ಜನ ಹೋದರೆ ಒಂಬತ್ತು ಎಲ್ಲಿಂದ ತರಲಿ?

ಅಧಿಕಾರಿಯ ಬೆನ್ನು ಬಿದ್ದೆ. ಕಚೇರಿಗೆ ಹೋದೆ, ಕೆಲಸದ ಜಾಗಕ್ಕೆ ಹೋದೆ, ಚಹಾ ಕುಡಿಯುವಲ್ಲಿಗೂ ಹೋದೆ. ಕೊನೆಗೆ ಅವರು ಕೈ ಮುಗಿದು, "ಆಯ್ತಮ್ಮ. ನಿಮ್ಮ ಅಂಗಳ ಇರುವಷ್ಟು ಉದ್ದ ಗ್ರಿಲ್ಲಿಗೆ ತಗಡು ಹೊಡೆಸಿಕೊಳ್ಳಿ. ನೋಡೋಕೆ ಚೆನ್ನಾಗಿರಲ್ಲ. ಆದರೂ ಹೊಡೆಸಿ" ಎಂದರು. ಗೆದ್ದೆ ಎಂದುಕೊಂಡು ಮನೆಮನೆಗೆ ಹೋಗಿ ಹೇಳಿ ಬಂದೆ.

ಗ್ರಿಲ್ಲಿನ ಕೆಲಸ ಸಿಕ್ಕದ್ದು ಅದೇ ವೆಲ್ಡಿಂಗ್ ಸಾಬರಿಗೆ. ತಗಡಿನ ಮಾತು ಹೇಳಲು ಅಂಗಡಿಗೆ ಹೋದಾಗ ಅವರು ಕಪ್ಪು ಕನ್ನಡಕ ಹಣೆಗೇರಿಸಿ ನಿಟ್ಟುಸಿರು ಬಿಟ್ಟರು.

"ನನಗೂ ಅದ ಚಿಂತಿ ಇತ್ರಿ ಟೀಚರಮ್ಮಾ. ನನ್ನ ಕೈಲೇ ಗ್ರಿಲ್ ಮಾಡಿ, ನನ್ನ ಮಗಳನ್ನ ಬಜಾರಿಗೆ ತೋರಿಸಿದಂಗ ಆಗ್ತಿತ್ತು. ತಗಡು ನಾನ ತರ್ತೀನಿ. ಒಂದು ಕಿಂಡಿ ಬಿಡಂಗಿಲ್ಲ ನೋಡ್ರಿ."

ಗೋಡೆ ಇಳಿಸಿದ ದಿನದಿಂದ ತಗಡು ಬರುವವರೆಗೆ ಏನು ಮಾಡುವುದು? ಶಾಲೆಯ ವಾರ್ಷಿಕೋತ್ಸವದ ನೀಲಿ ಪರದೆ ತಂದು ಹಗ್ಗಕ್ಕೆ ಕಟ್ಟಿದೆ. ಅದರಾಚೆ ರಸ್ತೆಯಲ್ಲಿ ಸಾಬರು ಗ್ರಿಲ್ ಕೂರಿಸುತ್ತಿದ್ದರು, ಈಚೆ ನಾವು ಆಡುತ್ತಿದ್ದೆವು. ವೆಲ್ಡಿಂಗಿನ ಚಟಪಟ ನಿಂತಾಗ ಹುಡುಗಿಯರ "ಖೊ" ಅವರಿಗೆ ಕೇಳುತ್ತಿದ್ದಿರಬೇಕು.

ತಗಡು ಹೊಡೆಯುವ ದಿನ ಬಂತು. ತಳ್ಳುಗಾಡಿಯಲ್ಲಿ ತಗಡು ಹೇರಿಕೊಂಡು ಸಾಬರೊಬ್ಬರೇ ಬಂದರು. ಪರದೆ ಇದ್ದರೆ ಅಳತೆ ಸಿಗುವುದಿಲ್ಲ, ಬಿಚ್ಚಿ ಎಂದರು. ಸಂಜೆಯ ಆಟ ಆಗಲೇ ಶುರುವಾಗಿತ್ತು. ಆ ಹೊತ್ತಿಗೆ ರಸ್ತೆಯಲ್ಲಿ ಅವರ ಹೊರತು ಯಾರೂ ಇರಲಿಲ್ಲ, ಅವರು ಒಳಗೇನೂ ಬರುತ್ತಿರಲಿಲ್ಲ. ಹಾಗಾಗಿ ನನ್ನ ಕಾನೂನು ಮುರಿದಂತಾಗಲಿಲ್ಲ ಎಂದು ನಾನೇ ತೀರ್ಮಾನಿಸಿ ಪರದೆ ಬಿಚ್ಚಿಸಿದೆ. "ಆಟ ನಿಲ್ಲಿಸಬ್ಯಾಡ್ರಿ" ಎಂದು ಸೀಟಿ ಊದಿದೆ.

ಓಡುವ ಸರದಿ ಅವರ ಮಗಳದ್ದು. ಜೊತೆಗಿದ್ದ ಇಬ್ಬರು ಬೇಗ ಔಟಾದರು. ಇವಳೊಬ್ಬಳೇ ಉಳಿದಳು. ಬೆನ್ನ ಹಿಂದೆ ಅಪ್ಪ ನಿಂತದ್ದು ಅವಳಿಗೆ ಗೊತ್ತಿರಲಿಲ್ಲ. ಓಡುವಾಗ ಅವಳಿಗೆ ಬೇರೆ ಯಾವುದೂ ಕಾಣುತ್ತಿರಲಿಲ್ಲ. ಸಾಲಿನ ನಡುವೆ ಸುಳಿದಳು, ಒಬ್ಬಳು ಎದ್ದು ಬೆನ್ನಟ್ಟಿದಳು, ಇನ್ನೊಬ್ಬಳು ಎದ್ದಳು, ಎಲ್ಲರೂ ಅವಳ ನೆರಳನ್ನು ಹಿಡಿದದ್ದೇ ಬಂತು. ಕಂಬದ ಹತ್ತಿರ ನಮ್ಮ ಅತಿ ಚುರುಕಿನ ಹುಡುಗಿ ಮೈ ಚಾಚಿ ನೆಗೆದು ಬಿದ್ದಳು. ಇವಳು ಸೊಂಟ ಬಾಗಿಸಿ ಒಂದು ಗೇಣಿನಲ್ಲಿ ತಪ್ಪಿಸಿಕೊಂಡಳು. ನನಗೇ ಗೊತ್ತಿಲ್ಲದಂತೆ "ಶಾಬ್ಬಾಸ್!" ಎಂದೆ.

ತಿರುಗಿ ನೋಡಿದರೆ ಸಾಬರು ಗ್ರಿಲ್ಲಿನಾಚೆ ಒಂದು ತಗಡನ್ನು ಎರಡೂ ಕೈಯಲ್ಲಿ ಎದೆಗೆ ಆನಿಸಿಕೊಂಡು ನಿಂತಿದ್ದರು. ಹಿಡಿದದ್ದು ಮರೆತೇ ಹೋಗಿತ್ತು ಎಂದು ಕಾಣುತ್ತದೆ. ಆಟ ಮುಗಿಯಿತು. ಹುಡುಗಿಯರು ನೀರು ಕುಡಿಯಲು ಹೊಂಡದ ಕಡೆಯ ಬೋರಿನತ್ತ ಓಡಿದರು. ಸಾಬರು ತಗಡನ್ನು ಮೆಲ್ಲಗೆ ತಳ್ಳುಗಾಡಿಯ ಮೇಲಿಟ್ಟು, ಹಗ್ಗ ಬಿಗಿದು, ಹೊರಟೇಬಿಟ್ಟರು.

ನಾನು ಗ್ರಿಲ್ಲಿನ ಹತ್ತಿರ ಓಡಿದೆ. "ಏನ್ರೀ ಇದು! ತಗಡು ಹೊಡೀದ ಎಲ್ಲಿಗೆ ಹೊಂಟ್ರಿ?"

ಅವರು ಗಾಡಿ ನಿಲ್ಲಿಸಿದರು. ಕಣ್ಣು ಕೆಂಪಾಗಿತ್ತು, ವೆಲ್ಡಿಂಗ್ ಮಾಡುವವರ ಕಣ್ಣು ಯಾವಾಗಲೂ ಹಾಗೇ ಇರುತ್ತದೆ.

"ತಗಡು ಹೊಡದ್ರ ನಾನು ಎಲ್ಲಿಂದ ನೋಡ್ಲಿ ಟೀಚರಮ್ಮಾ?"

ಬಾಯಿಗೆ ಬಂದ ಮಾತನ್ನು ನುಂಗುವ ಅಭ್ಯಾಸ ನನಗಿಲ್ಲ. "ನಿಮ್ಮೊಬ್ರ ಸಲುವಾಗಿ ನನ್ನ ಟೀಮ್ ಒಡದು ಹೋಗ್ತೈತ್ರಿ. ಉಳಿದೋರು ಮಕ್ಕಳನ್ನ ಬಿಡಿಸ್ತಾರ. ಅವರಿಗೆ ಏನ್ ಹೇಳ್ಲಿ?" ಎಂದು ಕೂಗಾಡಿದೆ.

"ಅವರಪ್ಪಂದಿರ್ನೂ ಕರೀರಿ. ಬಂದು ಒಮ್ಮೆ ನೋಡ್ಲಿ. ನೋಡಿದ್ ಮ್ಯಾಗೂ ಬ್ಯಾಡ ಅಂದ್ರ, ನಾನ ಬಂದು ತಗಡು ಹೊಡದು ಹೋಗ್ತೀನಿ. ಅಲ್ಲಾನ ಆಣಿ."

ಆ ರಾತ್ರಿ ಬಸ್ಸಿನಲ್ಲಿ ಕೊಟ್ಟೂರಿಗೆ ಹೋಗುವವರೆಗೂ ಅವರನ್ನು ಬೈದುಕೊಂಡೇ ಹೋದೆ. ಬೈಯುತ್ತಾ ಬೈಯುತ್ತಾ ನನಗೆ ಅಳು ಬಂತು. ಅಷ್ಟು ದಿನ ದಾರಿಯಲ್ಲಿ ನಿಲ್ಲಿಸಿ ಕೇಳಿದ ಮನುಷ್ಯನಿಗೆ ನಾನು "ಚಲೋ ಆಡ್ತಾಳ" ಎಂಬ ಎರಡು ಮಾತು ಬಿಟ್ಟು ಬೇರೇನೂ ಕೊಟ್ಟಿರಲಿಲ್ಲ.

ಮರುದಿನ ನಾನೇ ಮನೆಮನೆಗೆ ಹೋಗಿ ಅಪ್ಪಂದಿರನ್ನು ಕರೆದೆ. ಒಳಗೆ ಯಾರೂ ಕಾಲಿಡದಿದ್ದರೂ ನನ್ನ ಕಾನೂನನ್ನು ನಾನೇ ಮುರಿದಂತಾಯಿತು. ಕೆಲವರು ಬಂದರು, ಕೆಲವರು ಹೆಂಡತಿಯನ್ನು ಕಳಿಸಿದರು. ಗ್ರಿಲ್ಲಿನಾಚೆ ಸೈಕಲ್ಲು, ಮೊಪೆಡ್ಡು ನಿಂತವು. ಒಬ್ಬರು ಒಂದಿಷ್ಟು ಹೊತ್ತು ನೋಡಿ, ಯಾರ ಮುಖವನ್ನೂ ನೋಡದೆ ಹೋದರು. ಅವರ ಮಗಳು ಆಮೇಲೆ ಬರಲಿಲ್ಲ. ಆಟದ ಸಾಲಿನಲ್ಲಿ ಕೂರುವ ಮೂರನೆಯ ಜಾಗ ಅವಳದು. ಒಳ್ಳೆಯ ಹುಡುಗಿ, ಕೂಗಿದ ಕೂಡಲೇ ಏಳುತ್ತಿದ್ದಳು. ಎಂಟನೇ ಕ್ಲಾಸಿನ ಇನ್ನೊಬ್ಬಳನ್ನು ಆ ಜಾಗದಲ್ಲಿ ಕೂರಿಸಿದೆ. ಆದರೂ ಕರೆಯುವಾಗ ನನ್ನ ಬಾಯಿಗೆ ಮೊದಲಿನವಳ ಹೆಸರೇ ಬರುತ್ತಿತ್ತು. ಉಳಿದ ಹುಡುಗಿಯರೆಲ್ಲ ಬಂದರು. ಅಪ್ಪಂದಿರು ಬಂದ ಆ ಸಂಜೆ ಪಡ್ಡೆ ಹುಡುಗರೂ ಗ್ರಿಲ್ಲಿಗೆ ಆತುಕೊಂಡರು. ಅವರನ್ನು ಓಡಿಸಲು ನಾನು ಸೀಟಿ ಬಾಯಿಗಿಡುವ ಮೊದಲೇ ಸಾಬರು ಗದರಿದರು: "ಸರೀರಲೇ ಅತ್ಲಾಗ, ಆಟ ಕಾಣವಲ್ದು!"

ಓಡುತ್ತಿದ್ದ ಮಗಳು ಅವರ ದನಿ ಕೇಳಿ ತಿರುಗಿ ನೋಡಿದಳು. ಅಪ್ಪ ಗ್ರಿಲ್ ಹಿಡಿದು ನಿಂತಿದ್ದರು. ಅವಳು ನೋಡುತ್ತಾ ನಿಂತದ್ದು ಅರೆಕ್ಷಣವಿರಬಹುದು. ಹಿಂದಿನಿಂದ ಬಂದವಳು ಬೆನ್ನಿಗೆ ಮೆಲ್ಲಗೆ ಕೈ ತಾಗಿಸಿದಳು. ಅಷ್ಟು ಬೇಗ ಅವಳು ಔಟಾದದ್ದು ಅದೇ ಮೊದಲು.

"ಏನಾತ್ರಿ? ನಮ್ಮಾಕಿ ಯಾಕ ಹೊರಗ ಹೊಂಟ್ಲು?" ಎಂದು ಸಾಬರು ಕೇಳಿದರು.

"ಔಟಾದ್ಲು. ನಿಮ್ಮನ್ನ ನೋಡ್ಕೋತ ನಿಂತಿದ್ಲು."

ಮರುದಿನದಿಂದ ಅವರು ರಸ್ತೆಯಾಚೆಯ ಬೇವಿನ ಮರದ ಹಿಂದೆ, ಮಗಳಿಗೆ ಕಾಣದಂತೆ ನಿಂತು ನೋಡುತ್ತಿದ್ದರು.