ಟಿಟ್ಟಿಭದ ಮುಂದಿನ ಬಯಲು

ಮೊನ್ನೆ ಜಡಿಮಳೆ ಹಿಡಿದಾಗ, ಬೂಸಲು ಬಂದೀತೆಂದು ಕ್ಯಾಮೆರಾ ಬ್ಯಾಗನ್ನು ಅಟ್ಟದಿಂದ ಇಳಿಸಿ ಬಿಚ್ಚಿದೆ. ಒಳಗಿದ್ದ ಮೊಳದುದ್ದದ ಕಂಬಳಿ ತುಂಡು ತೇವ ಕುಡಿದು ಕುರಿಯ, ನೇಯುವಾಗ ಹಾಕಿದ ಹುಣಸೆಬೀಜದ ಗಂಜಿಯ ವಾಸನೆ ಬೀರುತ್ತಿತ್ತು. ಬಯಲಲ್ಲಿ ಕುರಿ ಕಾಯುತ್ತಿದ್ದ ಆ ತಾತ ಕೋಣೆಯೊಳಗೇ ಬಂದು ನಿಂತಂತಾಯಿತು...

ನಲವತ್ತೈದನೇ ವಯಸ್ಸಿನಲ್ಲಿ ನನಗೆ ಹಕ್ಕಿ ಫೋಟೋದ ಹುಚ್ಚು ಹಿಡಿದಿತ್ತು. ಬೆಳಗಾದರೆ ತಿಂಡಿ ಮಾಡಿಟ್ಟು, ಸ್ಕೂಟಿ ಹತ್ತಿ, ಚಳ್ಳಕೆರೆಯಿಂದ ಪರಶುರಾಂಪುರದ ದಾರಿಯ ಬಯಲಿಗೆ ಹೋಗುತ್ತಿದ್ದೆ. ಹಕ್ಕಿ ಚೌಕಟ್ಟು ತುಂಬ ಕಂಡರೆ ಅದೇ ದೊಡ್ಡ ವಿದ್ಯೆ ಅಂದುಕೊಂಡಿದ್ದೆ. ಎಷ್ಟೋ ಸಲ ಬಾಲವಷ್ಟೇ ಸಿಗುತ್ತಿತ್ತು. ಮೊದಲ ದಿನವಂತೂ ಅದೂ ಸಿಗದೆ, ಸಿಟ್ಟಿಗೆ, ಕುರಿ ಹಿಂದೆ ನಡೆದಿದ್ದ, ಗುರುತೇ ಇಲ್ಲದ ತಾತನದೇ ಒಂದು ಫೋಟೋ ಹೊಡೆದುಕೊಂಡು ಮನೆಗೆ ಬಂದಿದ್ದೆ.

ವಾರವೆಲ್ಲ ನನ್ನ ಪಾಡು ನೋಡಿ ಅವರೇ ಹತ್ತಿರ ಬಂದರು. ಹೆಗಲ ಕಂಬಳಿಯ ಹರಿದ ಅಂಚಿನಿಂದ ಒಂದು ತುಂಡು ಕಿತ್ತು, ಲೆನ್ಸ್ ಕಡೆ ಕೈ ತೋರಿಸಿ ಕೊಟ್ಟರು.

"ಆ ಕೊಳವೆಗೆ ಸುತ್ಕೊಳವ್ವ. ಹೊಳೆಯೋದು ಕಂಡ್ರೆ ಹಾರೋಗ್ತಾವೆ."

ನಾನು ತೆಗೆದಿದ್ದ ಟಿಟ್ಟಿಭ ಹಕ್ಕಿಯ ಚಿತ್ರವನ್ನು ಜಂಬದಿಂದ ತೋರಿಸಿದೆ. ಕೊಕ್ಕು ಚಿತ್ರದ ಅಂಚಿಗೆ ತಾಗಿತ್ತು. ತಾತ ಹುಬ್ಬು ಗಂಟಿಕ್ಕಿದರು.

"ಗ್ವಾಡೆಗೆ ಮೂತಿ ಇಟ್ಟು ನಿಲ್ಸೀಯಲ್ಲವ್ವ, ಇದು ಎಲ್ಲಿಗೆ ಹೋಗ್ಬೇಕು? ಕುರಿ ಎದುರಿಗೆ ನಿಂತ್ರೆ ಮಂದೆ ಕದಲಲ್ಲ. ಪಕ್ಕಕ್ಕೆ ನಿಂತು ಮುಂದೆ ಬಯಲು ಬಿಡ್ಬೇಕು."

ಅಂದು ನನ್ನನ್ನು ಕುರಿಗಳ ನಡುವೆ ಕುಕ್ಕರುಗಾಲಲ್ಲಿ ಕೂರಿಸಿದರು. ಕೂಗಿ ಊರೆಬ್ಬಿಸುವ ಟಿಟ್ಟಿಭ, ಕುರಿಗೆ ಹೆದರದ್ದು, ನನಗೂ ಹೆದರಲಿಲ್ಲ. ಅದು ನೋಡುತ್ತಿದ್ದ ಕಡೆಗೆ ಜಾಗ ಬಿಟ್ಟು ಬಟನ್ ಒತ್ತಿದೆ. ನನ್ನ ಚಿತ್ರದಲ್ಲಿ ಹಕ್ಕಿ ನಡೆಯುವಂತೆ ಕಂಡಿದ್ದು ಅದೇ ಮೊದಲು. ಖುಷಿಗೆ ಸೀರೆಗೆ ಮೆತ್ತಿದ ಹಿಕ್ಕೆಯೂ ಲೆಕ್ಕಕ್ಕೆ ಬರಲಿಲ್ಲ.

ಒಂದು ಮಧ್ಯಾಹ್ನ ತಾತ ಸಂಕೋಚದಿಂದ ಕೇಳಿದರು. "ನಂದೂ ಒಂದು ತೆಗಿಯವ್ವ. ಮೊಳಕಾಲ್ಮುರಿನಾಗೆ ಮಗಳವಳೆ, ಅವಳತ್ರ ನಂದೊಂದೂ ಇಲ್ಲ."

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಬೆಳಕಿನ ಪಾಠ ಆಗಷ್ಟೇ ಓದಿಕೊಂಡಿದ್ದ ನಾನು, "ನೆತ್ತಿ ಬಿಸಿಲಲ್ಲಿ ಬ್ಯಾಡ ತಾತ, ಮುಖ ಕಪ್ಪಾಗ್ತೈತೆ. ನಾಳೆ ಬೆಳಿಗ್ಗೆ ತೆಗಿತೀನಿ" ಅಂದೆ.

"ಆಗ್ಲೇಳು" ಎಂದು ನಕ್ಕರು.

ಮರುದಿನ ಬಯಲು ಖಾಲಿ. ಮೇವು ಹುಡುಕಿ ಮಂದೆ ದೂರದ ಊರುಗಳ ಕಡೆ ಹೋಗಿತ್ತು. ತಿಂಗಳುಗಳಾದ ಮೇಲೆ ಅದೇ ಮಂದೆ ಮರಳಿತು, ಹಿಂದೆ ಅವರ ತಮ್ಮನ ಮಗನಿದ್ದ. "ದೊಡ್ಡಪ್ಪ ಹೋಗ್ಬಿಟ್ಟ ಕಣಕ್ಕ" ಅಂದ. ನನಗೆ ಅಲ್ಲೇ ಅಳು ಬಂತು. ನನ್ನ ಜಾಣತನಕ್ಕೆ ಬೆಂಕಿ ಬೀಳಲಿ...

ಮೊದಲ ದಿನ ಸಿಟ್ಟಿಗೆ ಹೊಡೆದ ಫೋಟೋ ಒಂದೇ ಉಳಿದಿತ್ತು. ಅದಕ್ಕೇ ಕಟ್ಟು ಹಾಕಿಸಿ, ಆ ಹುಡುಗನಿಂದ ಮನೆಯ ಗುರುತು ಕೇಳಿಕೊಂಡು ಮೊಳಕಾಲ್ಮುರಿಗೆ ಹೋಗಿ ಮಗಳಿಗೆ ಕೊಟ್ಟೆ. ಅವಳು ಕಣ್ಣಿಗೊತ್ತಿಕೊಂಡಳು. "ನಮ್ಮಪ್ಪ ಹಿಂಗೇ ನಡೀತಿದ್ದ" ಅಂದಳು.

ಕಂಬಳಿ ತುಂಡನ್ನು ಬಿಸಿಲಿಗೆ ಹಾಕಲು ಮನಸ್ಸಾಗಲಿಲ್ಲ. ವಾಸನೆ ಹೋಗಿಬಿಡುತ್ತದೆ. ಆ ಫೋಟೋದ ಇನ್ನೊಂದು ಪ್ರತಿ ನನ್ನ ಬಳಿಯೂ ಇದೆ. ತಾತನ ಮೂಗು ಅಂಚಿಗೆ ತಾಗಿದೆ, ಮುಂದೆ ಒಂದು ಹೆಜ್ಜೆಗೂ ನಾನು ಜಾಗ ಬಿಟ್ಟಿಲ್ಲ.