ಬೇವಿನ ನೆರಳಿನ ಮೂರನೆಯ ಸಾಲು

ಆ ಸೋಮವಾರ ಬೇವಿನ ಮರದ ನೆರಳು ಯಾವ ಕಡೆ ಬಿದ್ದಿತ್ತು ಎಂದು ಆಣೆ ಮಾಡಿ ಹೇಳಲಾರೆ. ಸೋಮವಾರವೇ ಹೌದೋ ಅಲ್ಲವೋ, ಅದೂ ಅನುಮಾನ. ಈ ಕಥೆಯನ್ನು ಹತ್ತಾರು ಸಲ ಹೇಳಿದ್ದೇನೆ, ಹೇಳುವಾಗ ನಗು ತಡೆಯಲಾರದೆ ಅಲ್ಲಲ್ಲಿ ಉಪ್ಪು ಖಾರ ಉದುರಿಸಿಯೂ ಇದ್ದೇನೆ. ಸಮಾಜಶಾಸ್ತ್ರದ ಎಂ.ಎ. ತರಗತಿಯಲ್ಲಿ ಒಬ್ಬನೇ ಸಾಕ್ಷಿಯ ಮಾತು ನಂಬಬೇಡಿ ಎಂದು ಕಲಿಸಿದ್ದರು. ಆ ಒಬ್ಬ ನಾನೇ ಆದರೆ ಏನು ಮಾಡಬೇಕೆಂದು ಕಲಿಸಲಿಲ್ಲ.

ಅಣ್ಣಿಗೇರಿಯಿಂದ ನವಲಗುಂದದ ಕಡೆ ಹೋಗುವಾಗ ರಸ್ತೆ ಬಿಟ್ಟು ಒಳಗೆ ಸಿಗುವ ಊರು ಅದು. ಅಲ್ಲಿನ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಆಗ ನಾನು ಗುತ್ತಿಗೆಯ ಆಪ್ತಸಮಾಲೋಚಕ. ಒಂದೆಡೆ ನಿಲ್ಲುವ ಕಾಲಲ್ಲ ನನ್ನದು, ಅದು ನನ್ನ ನಾಲ್ಕನೆಯ ನೌಕರಿ. ಚೀಟಿ ಕೊಡಲು ಎರಡು ಕಿಟಕಿ. ಗಂಡಸರ ಕಿಟಕಿಯಲ್ಲಿ ಕಂಪೌಂಡರ್, ಹೆಂಗಸರ ಕಿಟಕಿಯಲ್ಲಿ ನರ್ಸಕ್ಕ. ನರ್ಸಕ್ಕ ಅದೇ ಊರಿನ ನೇಕಾರರ ಮುಸ್ಲಿಂ ಮನೆತನದವರು. ಮನೆಯಲ್ಲಿ ಉರ್ದು, ಕಿಟಕಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ ಒಟ್ಟಿಗೆ.

ಬಸ್ ಸ್ಟ್ಯಾಂಡಿನ ಬಾಜೂಕ್ಕೆ ಹೂ ಕಟ್ಟಿ ಮಾರುವ ಜೋಗವ್ವ ಒಬ್ಬಳಿದ್ದಳು. ಗಂಡುಮಗು ಎಂದು ಹೆಸರಿಟ್ಟು ಬೆಳೆಸಿದ್ದರು, ಇಪ್ಪತ್ತು ವರ್ಷದಿಂದ ದೇವಿಯ ಹೆಸರಲ್ಲಿ ಸೀರೆಯಲ್ಲಿದ್ದಳು. ಸಕ್ಕರೆ ಕಾಯಿಲೆ, ಎಡಗಾಲಿನ ಹೆಬ್ಬೆರಳಲ್ಲಿ ಹುಣ್ಣು. ಎರಡು ಸಲ ಆಸ್ಪತ್ರೆಗೆ ಬಂದಿದ್ದಳಂತೆ. ಗಂಡಸರ ಸಾಲಿಗೆ ನಿಂತಾಗ ಯಾರೋ ಸಿಳ್ಳೆ ಹಾಕಿದರು. ಹೆಂಗಸರ ಸಾಲಿಗೆ ನಿಂತಾಗ ಮುಂದಿದ್ದವಳು ಸೆರಗು ಎಳೆದುಕೊಂಡು ದೂರ ಸರಿದಳು. ಅಷ್ಟೇ. ಜೋಗವ್ವ ಮನೆಗೆ ಹೋಗಿ ಹುಣ್ಣಿಗೆ ಅರಿಷಿಣ ಮೆತ್ತಿಕೊಂಡಳು.

ಹೂ ಕೊಳ್ಳಲು ಹೋದ ನರ್ಸಕ್ಕ ಆ ಬೆರಳನ್ನು ನೋಡಿ ಸೀದಾ ನನ್ನ ಮೇಜಿಗೆ ಬಂದರು. "ಇನ್ನೆರಡು ವಾರ ಹಿಂಗ ಬಿಟ್ರ ಬೆರಳು ತೆಗೀಬೇಕಾಕ್ಕೈತಿ. ನೀವು ಓದಿದವ್ರು, ಏನಾರ ಮಾಡ್ರಿ."

ಅದೇ ಹೊತ್ತಿಗೆ ಮೇಲಿನಿಂದ ಸುತ್ತೋಲೆಯೂ ಬಂತು: ಎಲ್ಲರಿಗೂ ಸಮಾನ ಸೇವೆ, ಫೋಟೋ ಸಮೇತ ವರದಿ. ನಾನು ಕುಣಿದಾಡಿಬಿಟ್ಟೆ. ಉಗ್ರಾಣದ ಮುಚ್ಚಿದ ಕಿಟಕಿ ತೆರೆಸಿದೆ. ಅದರ ಮುಂದೆ ಬೇವಿನ ಮರ. ಕೆಳಗೆ ಕೂಡಲೊಂದು ಬಾಕ ಹಾಕಿಸಿದೆ, ನೀರಿನ ಗಡಿಗೆ ಇಡಿಸಿದೆ, ಹಸಿರು ಬಣ್ಣದಲ್ಲಿ ನಾನೇ ಬೋರ್ಡು ಬರೆದೆ: 'ಲಿಂಗತ್ವ ಅಲ್ಪಸಂಖ್ಯಾತರಿಗೆ'. ಕಿಟಕಿಯಲ್ಲಿ ಕೂಡುವವನೂ ನಾನೇ.

ನರ್ಸಕ್ಕ ಬೋರ್ಡು ಓದಿ, "ಆಕೀನ್ನ ಕೇಳಿದ್ರೇನು?" ಅಂದರು.

"ಕೇಳೂದೇನ್ರಿ, ಆಕಿಗೇ ಮಾಡೀನಲ್ಲ!"

ಸೋಮವಾರ ಕಿಟಕಿ ತೆರೆದಾಗ ಬಾಕದ ಮೇಲೆ ಗೌಡ್ರ ಕಾಕಾ ಕೂತಿದ್ದರು. ಹಣೆಗೆ ಮೂರು ಬೆರಳಿನ ವಿಭೂತಿ, ಮಂಡಿನೋವು, ನೂರು ಕೂರಿಗೆ ಹೊಲದ ಗತ್ತು.

"ಕಾಕಾ, ಬೋರ್ಡ್ ಓದಿದ್ರೇನು?"

"ಓದೀನಲೇ. ಅಕ್ಷರ ಅಗದಿ ಛಲೋ ಅದಾವು."

"ಇದು ನಿಮ್ಮ ಸಾಲಲ್ಲರಿ."

"ನೆರಳೈತಿ, ಬಾಕೈತಿ, ನೀರೈತಿ. ನಾ ಏಳಾಂವಲ್ಲ. ಚೀಟಿ ಕೊಡು."

ಅವರ ಹಿಂದೆ ತಿರ್ಲಾಪುರದ ಟ್ರ್ಯಾಕ್ಟರ್ ಡ್ರೈವರ್ ಬಂದ. ಅವನ ಹಿಂದೆ ಮೆಣಸಿನಕಾಯಿ ಬಿಡಿಸುವ ಹೆಂಗಸರು ಬಂದರು. ಹೊಸ ಕಿಟಕಿ ಅಂದಮೇಲೆ ಹೊಸ ಔಷಧ ಇರಲೇಬೇಕು ಎಂಬ ಸುದ್ದಿ ಅಂಗಳದ ತುಂಬ ಓಡಾಡಿತು. "ಸೂಜಿನೂ ಇಲ್ಲೇ ಮಾಡ್ತಾರಂತ!" ಎಂದು ಯಾರೋ ಕೂಗಿದ್ದೇ ತಡ, ಎರಡೂ ಸಾಲು ಕರಗಿ ನನ್ನ ಕಿಟಕಿಗೆ ಹರಿದು ಬಂದವು. ಖಾಲಿ ಕಿಟಕಿಯಲ್ಲಿ ಕಂಪೌಂಡರ್ ಸಂತೆಯ ಕಾಯಿಪಲ್ಯದವನ ಹಾಗೆ, "ಏ, ಇಲ್ಲೂ ಗುಳಿಗಿ ಅದಾವ್ ಬರ್ರಿ!" ಎಂದು ಕೂಗುತ್ತಿದ್ದ.

ನಾನು ಹೊರಗೆ ಬಂದು ಸ್ಟೂಲಿನ ಮೇಲೆ ಹತ್ತಿ ಲಿಂಗತ್ವ, ಘನತೆ, ಸಮಾನತೆ ಎಂದು ಭಾಷಣ ಹೊಡೆದೆ. ಕೊನೆಗೆ ಗೌಡ್ರ ಕಾಕಾ ಎದ್ದು ಒಂದೇ ಮಾತಿನಲ್ಲಿ ಮುಗಿಸಿದರು: "ಇದು ಹೂವಿನ ಜೋಗವ್ವನ ಸಾಲಂತ. ಆಕಿ ಬರ್ಲಿ, ಬಂದ ಮ್ಯಾಲ ಏಳೂಣು."

ಅಷ್ಟರಲ್ಲಿ ನರ್ಸಕ್ಕ ಹೇಳಿಕಳಿಸಿದ್ದ ಜೋಗವ್ವ ಬಂದು ಗೇಟಿನಲ್ಲಿ ನಿಂತಿದ್ದಳು. ಬಗಲಲ್ಲಿ ಹೂವಿನ ಬುಟ್ಟಿ, ಎಡಗಾಲು ಊರಲು ಅಂಜಿಕೆ. ಅವಳಿಗೆಂದು ಮಾಡಿದ ಸಾಲು ಕಾಂಪೌಂಡಿನ ಗೋಡೆ ಮುಟ್ಟಿತ್ತು, ಅದರಲ್ಲಿದ್ದ ಅಷ್ಟೂ ಜನ ಅವಳನ್ನೇ ನೋಡುತ್ತಿದ್ದರು. ಅವಳು ಗೇಟಿನ ಕಡೆ ಅರ್ಧ ತಿರುಗಿದಳು. ಈ ಸಲ ತಿರುಗಿ ಹೋದರೆ ಬೆರಳು ಹೋಯಿತು. ನನಗೆ ಗೊತ್ತಿತ್ತು, ಆದರೂ ಸ್ಟೂಲಿನ ಮೇಲೆ ನಿಂತು ಬೋರ್ಡಿನ ಕಡೆ ಕೈ ತೋರಿಸುತ್ತಲೇ ಇದ್ದೆ.

ಹೆಂಗಸರ ಕಿಟಕಿಯಿಂದ ನರ್ಸಕ್ಕನ ತಲೆ ಹೊರಬಂತು. "ಯಾಕಬೇ ನಿಂತಿ? ಇಲ್ಲಿ ಯಾರೂ ಇಲ್ಲ, ಬಾ!"

ಜೋಗವ್ವ ಕುಂಟುತ್ತ ಹೋಗಿ ಹೆಂಗಸರ ಕಿಟಕಿಗೆ ನಿಂತಳು. ಅಲ್ಲಿ ಚೀಟಿ ಹರಿಯುವ ಸಪ್ಪಳ ಕೇಳಿದ್ದೇ ಮೆಣಸಿನಕಾಯಿಯ ಹೆಂಗಸರು ದಡಬಡಿಸಿ ಓಡಿ ಬಂದು ಅವಳ ಬೆನ್ನಿಗೆ ಬಿದ್ದರು. ಮೊದಲು ತಲುಪಿದವಳು ಹಿಂದಿನಿಂದ ತಿವಿದಳು. ಅಂದು ಸೆರಗು ಎಳೆದುಕೊಂಡು ದೂರ ಸರಿದಿದ್ದವಳು ಇವಳೇ ಎಂದು ನಾನು ಹೇಳುತ್ತ ಬಂದಿದ್ದೇನೆ, ಅಲ್ಲ ಎನ್ನುತ್ತಾರೆ ನರ್ಸಕ್ಕ.

"ಬಡಾನ ಸರಿಬೇ, ಹೊಲದಾಗ ಆಳು ಕಾಯಾಕತ್ತಾರ!"

"ಓಡಾಕ ಬರ್ತಿದ್ರ ದವಾಖಾನಿಗ್ಯಾಕ ಬರ್ತಿದ್ದೆ? ಕಾಲು ನೋಡಬೇ ನಂದು!"

ತಿವಿದವಳು ಬಗ್ಗಿ ನೋಡಿದಳು. "ಅಯ್ಯ ಶಿವನ! ಇಷ್ಟು ದಿನ ಏನ್ ಮಾಡಾಕತ್ತಿದ್ದಿ, ಮಬ್ಬಿ? ಹೂವ ಕಟ್ಟಿ ಕಾಲು ಕಳಕೊಳ್ಳಾಕಿ ಏನು?" ಎಂದು ಬೈಯುತ್ತಲೇ ಬುಟ್ಟಿ ಕಸಿದುಕೊಂಡು ತನ್ನ ತಲೆ ಮೇಲೆ ಇಟ್ಟುಕೊಂಡಳು. ಬೈಸಿಕೊಂಡು ಅಷ್ಟು ಹಿಗ್ಗಿದವರನ್ನು ನಾನು ಬೇರೆ ಕಂಡಿಲ್ಲ. ಜೋಗವ್ವ ನಕ್ಕಳು, ಹೆಂಗಸರು ನಕ್ಕರು, ನಾನು ನಗುತ್ತ ಸ್ಟೂಲಿನಿಂದ ಜಾರಿ ಗಡಿಗೆಯ ಮೇಲೆ ಬಿದ್ದೆ. ಗಡಿಗೆ ಒಡೆಯಿತು ಎಂದು ಹೇಳುವ ರೂಢಿ ನನಗಿದೆ. ಬಹುಶಃ ಒಡೆದಿರಲಿಲ್ಲ.

ವರದಿಗೆ ತೆಗೆದ ಫೋಟೋದಲ್ಲಿ ಹಸಿರು ಬೋರ್ಡಿನ ಕೆಳಗೆ ಮೀಸೆ ತಿರುವುತ್ತ ಕೂತ ಗೌಡ್ರ ಕಾಕಾ ಒಬ್ಬರೇ ಇದ್ದರು. ಅದನ್ನು ಕಳಿಸುವ ಧೈರ್ಯವಾಗಲಿಲ್ಲ, ಮುಂದೆ ಹಳೆಯ ಮೊಬೈಲಿನ ಜೊತೆ ಅದೂ ಹೋಯಿತು. ಮರುದಿನ ಬೋರ್ಡು ಕಿತ್ತೆ, ಬಾಕ ಎಲ್ಲರಿಗೂ ಉಳಿಯಿತು.

ಪಟ್ಟಿ ಕಟ್ಟಿಸಿಕೊಳ್ಳಲು ಬಂದ ಜೋಗವ್ವನಿಗೆ ಒಮ್ಮೆ ಹೇಳಿದೆ: "ಆ ಬಾಕ ನಿನಗಂತ ಹಾಕ್ಸಿದ್ದೆ."

"ನಂಗ ಬಾಕ ಬೇಕಾಗಿದ್ದಿಲ್ರಿ ಸರ," ಅಂದಳು, "ಹಿಂದ ಮುಂದ ಮಂದಿ ಬೇಕಾಗಿತ್ತು."

ಹೀಗೆಂದಳೋ, ನಾನೇ ಅನ್ನಿಸಿದೆನೋ? ಈ ಗುಮಾನಿ ತಡೆಯಲಾಗದೆ ಹೋದ ತಿಂಗಳು ಮತ್ತೆ ಆ ಊರಿಗೆ ಹೋಗಿದ್ದೆ. ನರ್ಸಕ್ಕನ ಪ್ರಕಾರ ಬೆಳಗಿನ ಹೊತ್ತು ಬೇವಿನ ನೆರಳು ಆ ಕಿಟಕಿಯ ಕಡೆ ಬೀಳುವುದೇ ಇಲ್ಲ. ನಾವು ಜಗಳಾಡಿದೆವು. ಕೊನೆಗೆ ಅವರು ಬೇಸತ್ತು ಪಟ್ಟಿ ಕಟ್ಟುವ ಕೋಣೆಯ ಹಳೆಯ ರಿಜಿಸ್ಟರ್ ತೆಗೆದು ನನ್ನ ಮುಂದೆ ಒಗೆದರು. ಹೆಂಗಸರ ಹಾಳೆಗಳಲ್ಲಿ ಜೋಗವ್ವನ ಹೆಸರು ವಾರಕ್ಕೆರಡು ಸಲ, ಒಂದೂ ತಪ್ಪದೆ ಇದೆ. ಕೊನೆಯ ಸಲದ ಹೆಸರಿನ ಮುಂದೆ ನರ್ಸಕ್ಕನದೇ ದುಂಡನೆಯ ಅಕ್ಷರದಲ್ಲಿ ಬರೆದಿದೆ: 'ಗಾಯ ಪೂರ್ತಿ ಒಣಗಿದೆ. ಐದೂ ಬೆರಳು ಇವೆ.'